ಮಧುಗಿರಿ ಬೆಟ್ಟದ ಕೋಟೆ: ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಟೆ ಎಲ್ಲಿದೆ? ಹೋಗೋದು ಹೇಗೆ?

ಮಧುಗಿರಿ ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರ. ತುಮಕೂರಿನಿಂದ ಕೊರಟಗೆರೆ ಮೇಲೆ ಹೋದರೆ ಸುಮಾರು 43 ಕಿಲೋಮೀಟರ್. ಬೆಂಗಳೂರಿನಿಂದ ನೂರು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಮೆಜೆಸ್ಟಿಕ್‌ನಲ್ಲಿ ಮಧುಗಿರಿ ಬಸ್ಸೇ ಸಿಗುತ್ತದೆ, ಪಾವಗಡದ ಬಸ್ ಹತ್ತಿದರೂ ಆಗುತ್ತದೆ. ಸ್ವಂತ ಗಾಡಿಯಾದರೆ ದಾಬಸ್‌ಪೇಟೆ, ಕೊರಟಗೆರೆ ದಾರಿ ಸಲೀಸು. ದೊಡ್ಡಬಳ್ಳಾಪುರ, ಗೌರಿಬಿದನೂರು ಕಡೆಯವರು ಆ ಕಡೆಯಿಂದಲೇ ಬರಬಹುದು. ಊರಿಗೆ ಇನ್ನೂ ರೈಲಿಲ್ಲ. ತುಮಕೂರು–ರಾಯದುರ್ಗ ಮಾರ್ಗ ಈ ಕಡೆ ಬರಬೇಕಾದದ್ದು, ಕೆಲಸ ನಡೆಯುತ್ತಾ ಇದೆ.

ಊರು ಹತ್ತಿರ ಬಂದ ಮೇಲೆ ಯಾರನ್ನೂ ದಾರಿ ಕೇಳಬೇಕಾಗಿಲ್ಲ. ಬೆಟ್ಟ ಊರಿನ ತಲೆಯ ಮೇಲೇ ನಿಂತಿದೆ. ಕೋಟೆಯ ಮೊದಲ ಬಾಗಿಲಿಗೆ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದು.

ಎಷ್ಟು ಎತ್ತರ? ಹತ್ತಿ ಇಳಿಯೋಕೆ ಎಷ್ಟು ಹೊತ್ತು?

ಸಮುದ್ರಮಟ್ಟದಿಂದ ಸುಮಾರು 3,900 ಅಡಿ. ಊರೇ ಎತ್ತರದಲ್ಲಿರುವುದರಿಂದ ನೀವು ನಿಜವಾಗಿ ಏರುವುದು ಸುಮಾರು 400 ಮೀಟರ್. ಕೇಳಿದರೆ ಕಡಿಮೆ ಅನ್ನಿಸಬಹುದು. ಆದರೆ ಅದರಲ್ಲಿ ಬಹುಪಾಲು ಒಂದೇ ಬಂಡೆಯ ಬೆನ್ನಿನ ಮೇಲೆ ನೇರವಾಗಿ ಏರುವ ಏರು. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳ ಪೈಕಿ ಸಾವನದುರ್ಗದ ನಂತರ ಇದೇ ಅಂತ ನಮ್ಮಲ್ಲಿ ಹೇಳುವುದು ವಾಡಿಕೆ.

ಗಟ್ಟಿ ಕಾಲಿನವರು ಎರಡು ಗಂಟೆಯಲ್ಲಿ ತುದಿ ಮುಟ್ಟುತ್ತಾರೆ. ಮೂರು ಗಂಟೆ ಆದರೂ ಆಯಿತು. ಇಳಿಯೋಕೆ ಒಂದೂವರೆಯಿಂದ ಎರಡು ಗಂಟೆ. ನಿಂತು, ಕೂತು, ನೋಡಿಕೊಂಡು ಬರುವುದಾದರೆ ಅರ್ಧ ದಿನ ಇಟ್ಟುಕೊಳ್ಳಿ. ಇನ್ನೂ ಒಂದು ಗಂಟೆ ಜಾಸ್ತಿ ಇಟ್ಟುಕೊಂಡರೆ ನಷ್ಟವೇನಿಲ್ಲ. ಇಲ್ಲಿಗೆ ಬರುವ ಬಹಳ ಜನ ತುದಿಯನ್ನಷ್ಟೇ ಲೆಕ್ಕಕ್ಕಿಟ್ಟುಕೊಂಡು ಓಡುತ್ತಾರೆ. ಕೋಟೆ ಇರುವುದು ತುದಿಯಲ್ಲಲ್ಲ. ಕೆಳಗಿನ ಮೊದಲ ಬಾಗಿಲಿನಿಂದ ಮೇಲಿನ ಕೊನೆಯ ಗೋಡೆಯವರೆಗೆ ಇಡೀ ಬೆಟ್ಟವೇ ಕೋಟೆ.

ಎಷ್ಟು ಗಂಟೆಗೆ ಶುರು ಮಾಡಬೇಕು?

ಬೆಳಕು ಹರಿದ ಕೂಡಲೇ. ಆರು, ಆರೂವರೆಗೆ ಕೆಳಗಿನ ಬಾಗಿಲಲ್ಲಿದ್ದರೆ ಹತ್ತು ಗಂಟೆಯೊಳಗೆ ತುದಿ ನೋಡಿಕೊಂಡು ಇಳಿಯುವುದಕ್ಕೆ ಶುರು ಮಾಡಬಹುದು. ಹನ್ನೊಂದರ ಮೇಲೆ ಬಂಡೆ ಕಾಯುತ್ತದೆ. ಮೇಲಿನಿಂದ ಬಿಸಿಲು, ಕೆಳಗಿನಿಂದ ಝಳ, ನೆರಳು ಅನ್ನುವುದು ಎಲ್ಲೋ ಒಂದು ಬಾಗಿಲ ಕೆಳಗೆ ಮಾತ್ರ. ಬೆಂಗಳೂರಿನಿಂದ ಎಂಟಕ್ಕೆ ಹೊರಟು ಹತ್ತೂವರೆಗೆ ಹತ್ತಲು ಶುರು ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅರ್ಧ ಬೆಟ್ಟದಲ್ಲೇ ನೀರು ಖಾಲಿಯಾಗಿ ಕೂತುಬಿಡುತ್ತಾರೆ. ಹಿಂದಿನ ರಾತ್ರಿಯೇ ಬಂದು ಊರಲ್ಲೋ ತುಮಕೂರಲ್ಲೋ ಉಳಿದುಕೊಳ್ಳುವುದು ಒಳ್ಳೆಯದು.

ತುಂಬಾ ಕಷ್ಟನಾ? ಬೆಟ್ಟ ಹತ್ತಿ ಅಭ್ಯಾಸ ಇಲ್ಲದವರು ಹೋಗಬಹುದಾ?

ಶುರುವಿನಲ್ಲಿ ಕಷ್ಟವಿಲ್ಲ. ಕಲ್ಲಿನ ಮೆಟ್ಟಿಲು, ಬಾಗಿಲು, ಅಂಗಳ, ಮತ್ತೆ ಮೆಟ್ಟಿಲು. ಮಧ್ಯದ ಗೋಡೆ ದಾಟಿದ ಮೇಲೆ ಬೆಟ್ಟ ಬೇರೆಯೇ ಆಗುತ್ತದೆ. ಕಟ್ಟಿದ ಮೆಟ್ಟಿಲು ಮುಗಿದು ಬಂಡೆಯಲ್ಲೇ ಕಡಿದ ಮೆಟ್ಟಿಲು ಬರುತ್ತದೆ. ಅದೂ ಕೆಲವು ಕಡೆ ಪೂರ್ತಿ ಮೆಟ್ಟಿಲಲ್ಲ. ಪಾದದ ಮುಂಭಾಗ ಊರುವಷ್ಟು ಒಂದು ಗುಳಿ, ಒಂದು ಗೀರು. ಕೆಲವು ಕಡೆ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ಇದೆ, ಎಲ್ಲ ಕಡೆಯೂ ಇಲ್ಲ. ಒಂದು ಪಕ್ಕ ಬಂಡೆ ಜಾರಿಕೊಂಡು ಕೆಳಗೆ ಹೋಗುವುದು ಕಾಣುತ್ತಿರುತ್ತದೆ.

ಇಲ್ಲಿ ಬೇಕಾಗುವುದು ಶಕ್ತಿಗಿಂತ ಸಮಾಧಾನ. ಬಂಡೆ ಒಣಗಿದ್ದಾಗ ಕಾಲಿಗೆ ಒಳ್ಳೆಯ ಹಿಡಿತ ಸಿಗುತ್ತದೆ. ಪಾದ ಪೂರ್ತಿ ಊರಿ, ಮೈ ಸ್ವಲ್ಪ ಮುಂದಕ್ಕೆ ಬಾಗಿಸಿ, ಸಣ್ಣ ಹೆಜ್ಜೆ ಇಟ್ಟರೆ ಆಗುತ್ತದೆ. ಬೇಕಾದರೆ ಕೈ ಊರಿ, ಅದರಲ್ಲಿ ನಾಚಿಕೆಯೇನಿಲ್ಲ. ಕಂಬಿಗೆ ಜೋತು ಬೀಳಬೇಡಿ, ಆಸರೆಗಷ್ಟೇ ಹಿಡಿಯಿರಿ. ಮುಂದಿನವರಿಗೆ ನಾಲ್ಕು ಹೆಜ್ಜೆ ಜಾಗ ಬಿಡಿ. ಒಬ್ಬರು ಜಾರಿದರೆ ಹಿಂದಿನವರನ್ನೂ ಕರೆದುಕೊಂಡು ಹೋಗುತ್ತಾರೆ.

ಎತ್ತರ ಕಂಡರೆ ತಲೆ ಸುತ್ತುವವರು, ಮಂಡಿ ನೋವಿರುವವರು, ಹೃದಯದ ತೊಂದರೆ ಇರುವವರು ಮಧ್ಯದ ಗೋಡೆಯಲ್ಲಿ ನಿಲ್ಲಿ.

ತುದಿವರೆಗೆ ಹೋಗದಿದ್ದರೆ ಬಂದದ್ದು ದಂಡ ಅಲ್ವಾ?

ಅಲ್ಲ. ಖಂಡಿತ ಅಲ್ಲ. ಕೋಟೆಯ ಕೆಲಸ ಚೆನ್ನಾಗಿ ಉಳಿದಿರುವುದೇ ಕೆಳಗಿನ ಮತ್ತು ಮಧ್ಯದ ಭಾಗದಲ್ಲಿ. ದೊಡ್ಡ ಬಾಗಿಲುಗಳು, ಕೊತ್ತಲಗಳು, ಮೇಲಂಚಿನಲ್ಲಿ ಹಲ್ಲಿನ ಸಾಲಿನಂತೆ ತೆನೆಗಳಿರುವ ಗೋಡೆ, ಬಂಡೆಯಲ್ಲಿ ಮಳೆನೀರು ನಿಲ್ಲುವ ದೊಣೆ, ಎಲ್ಲವೂ ಅಲ್ಲೇ ನೋಡಲು ಸಿಗುತ್ತವೆ. ಮಧ್ಯದ ಗೋಡೆಯಿಂದ ಊರು, ಕೆರೆ, ಹೊಲ ಪೂರ್ತಿ ಕಾಣುತ್ತದೆ. ಅಲ್ಲಿ ಒಂದು ಗಂಟೆ ಕೂತು ನೋಡಿದವರು, ತುದಿಗೆ ಓಡಿ ಒಂದು ಸೆಲ್ಫಿ ತೆಗೆದು ಓಡಿ ಬಂದವರಿಗಿಂತ ಜಾಸ್ತಿ ಕೋಟೆ ನೋಡಿದ್ದಾರೆ ಅಂತ ನಾನು ನಂಬಿದ್ದೇನೆ.

ಈ ಕೋಟೆ ಕಟ್ಟಿದವರು ಯಾರು? ಟಿಪ್ಪು ಕೋಟೆನಾ?

ಒಬ್ಬರು ಕಟ್ಟಿದ್ದಲ್ಲ. ಮೊದಲು ಇಲ್ಲಿ ಮಣ್ಣಿನ ಕೋಟೆ ಹಾಕಿದ್ದು ಸ್ಥಳೀಯ ಪಾಳೆಯಗಾರ ರಾಜಾ ಹಿರೇಗೌಡ ಎಂದು ಹೇಳುತ್ತಾರೆ. ಅದರ ಹಿಂದೆ ಒಂದು ಕಥೆ ಇದೆ. ಕುರಿ ಹಿಂಡೊಂದು ದಾರಿ ತಪ್ಪಿ ಬೆಟ್ಟ ಹತ್ತಿತಂತೆ. ವಾಪಸ್ ಬಂದಾಗ ಮೈಯೆಲ್ಲ ಒದ್ದೆ. ಅಂದರೆ ಮೇಲೆ ಎಲ್ಲೋ ನೀರಿದೆ. ನೀರಿರುವ ಬೆಟ್ಟ ಎಂದು ಗೊತ್ತಾದ ಕೂಡಲೇ ಗೌಡರು ಕೋಟೆ ಕಟ್ಟಿಸಿದರಂತೆ. ಕಥೆ ನಡೆದದ್ದು ಹೀಗೇನಾ ಅನ್ನುವುದು ಬೇರೆ ಮಾತು. ಬರ ಕಂಡ ಸೀಮೆಯ ಜನ ಹುಟ್ಟಿಸಿದ ಕಥೆ ಇದು. ಬೆಟ್ಟದ ಮೇಲೆ ಕೋಟೆ ನಿಲ್ಲಬೇಕಾದರೆ ಮೊದಲು ಏನು ಬೇಕು ಅನ್ನುವುದು ಅವರಿಗೆ ಗೊತ್ತಿತ್ತು.

1678ರಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಕೋಟೆ ಮೈಸೂರಿನ ಕೈಗೆ ಬಂತು. ಆಗ ಊರಿಗೆ ಮದ್ದಗಿರಿ ಅಂತ ಹೆಸರು, ಹಳೆಯ ದಾಖಲೆಗಳಲ್ಲಿ ಹುಡುಕುವವರು ಆ ಹೆಸರಲ್ಲೇ ಹುಡುಕಬೇಕು. ಆಮೇಲೆ ಹೈದರಾಲಿ ಇದನ್ನು ಬಲಪಡಿಸಿ ವಿಸ್ತರಿಸಿದ. 1767ರಲ್ಲಿ ಪೇಶ್ವೆ ಮಾಧವರಾಯನ ಮರಾಠಾ ಸೈನ್ಯ ಸಿರಾ ಮತ್ತು ಮದ್ದಗಿರಿ ಎರಡನ್ನೂ ಹಿಡಿಯಿತು. ಕೆಲವು ವರ್ಷಗಳ ನಂತರ ಅದು ಮತ್ತೆ ಮೈಸೂರಿಗೆ ಸೇರಿತು. ಅಂದರೆ ನೀವು ಮುಟ್ಟುವ ಗೋಡೆಯಲ್ಲಿ ಪಾಳೆಯಗಾರರೂ ಇದ್ದಾರೆ, ಮೈಸೂರಿನವರೂ ಇದ್ದಾರೆ, ಹೈದರ್, ಟಿಪ್ಪು ಕಾಲದವರೂ ಇದ್ದಾರೆ. ದೊಡ್ಡ ಕಲ್ಲಿನ ಗೋಡೆಯ ಮೇಲೆ ಇಟ್ಟಿಗೆ, ಗಾರೆಯ ತೆನೆ ಕೂರಿಸಿರುವುದನ್ನು ಕೆಲವು ಕಡೆ ನೋಡಬಹುದು. ಆ ಎರಡೂ ಒಂದೇ ಕೆಲಸದವರದ್ದಲ್ಲ ಅನ್ನುವುದು ಸ್ವಲ್ಪ ಹೊತ್ತು ನಿಂತು ನೋಡಿದರೆ ತಾನೇ ಗೊತ್ತಾಗುತ್ತದೆ.

ಇಲ್ಲಿ ರಾಣಿಯೊಬ್ಬರನ್ನು ಸೆರೆ ಇಟ್ಟಿದ್ದರಂತೆ, ನಿಜನಾ?

ನಿಜ. ಕೆಳದಿಯ ರಾಣಿ ವೀರಮ್ಮಾಜಿ. 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಹಿಡಿದ. ಇಂದಿನ ಶಿವಮೊಗ್ಗ ಜಿಲ್ಲೆಯ ‘ನಗರ’ ಅನ್ನುವ ಊರೇ ಆ ಬಿದನೂರು. ರಾಣಿಯನ್ನೂ ದತ್ತುಮಗನನ್ನೂ ತಂದು ಮಧುಗಿರಿ ಕೋಟೆಯಲ್ಲಿ ಇಟ್ಟರು. ನಾಲ್ಕು ವರ್ಷದ ನಂತರ ಮರಾಠರು ಕೋಟೆ ಹಿಡಿದಾಗ ಅವರಿಗೆ ಬಿಡುಗಡೆಯಾಯಿತು. ಆದರೆ ಕೆಳದಿ ರಾಜ್ಯ ಮತ್ತೆ ಎದ್ದು ನಿಲ್ಲಲಿಲ್ಲ.

ಮಲೆನಾಡಿನ ಮಳೆ, ಅಡಿಕೆ ತೋಟ, ದಟ್ಟ ಕಾಡು ಬಿಟ್ಟು ಬಂದವರು ಈ ಬರೀ ಬಂಡೆಯ ಮೇಲೆ ಬೇಸಿಗೆ ಕಳೆದದ್ದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಶಿವಮೊಗ್ಗ, ಸಾಗರ ಕಡೆಯಿಂದ ಬರುವವರು ಈ ಒಂದು ಕಾರಣಕ್ಕಾದರೂ ಇಲ್ಲಿಗೆ ಬರಬೇಕು.

ಇಷ್ಟೊಂದು ಬಾಗಿಲು ಯಾಕೆ?

ಒಂದು ಬಾಗಿಲು ಮುರಿದು ಒಳಗೆ ಬಂದವರು ಮುಂದಿನ ಬಾಗಿಲಿನ ಕೆಳಗೆ ಸಿಕ್ಕಿಬೀಳಲಿ ಅಂತ. ಅಂತರಾಳದ ಬಾಗಿಲು, ದಿಡ್ಡಿಬಾಗಿಲು, ಮೈಸೂರು ಗೇಟ್ ಅಂತೆಲ್ಲ ಹೆಸರಿವೆ.

ಬಾಗಿಲ ಮುಂದೆ ನಿಂತು ದಾರಿ ಗಮನಿಸಿ. ನೇರವಾಗಿ ಬರುವ ದಾರಿ ಬಾಗಿಲ ಹತ್ತಿರ ಥಟ್ಟನೆ ತಿರುಗುತ್ತದೆ. ಆನೆಯನ್ನಾಗಲಿ ಮರದ ದಿಮ್ಮಿಯನ್ನಾಗಲಿ ಓಡಿಸಿಕೊಂಡು ಬಂದು ಬಾಗಿಲಿಗೆ ಗುದ್ದುವುದಕ್ಕೆ ಜಾಗವೇ ಇಲ್ಲ. ತಿರುಗಿ ನಿಂತವರ ತಲೆಯ ಮೇಲೆ ಗೋಡೆ. ಗೋಡೆಯಲ್ಲಿ ಕಿಂಡಿ. ಒಳಗೆ ಹೋಗಿ ಅದೇ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿ. ನೀವು ಈಗಷ್ಟೇ ಉಸಿರು ಬಿಡುತ್ತಾ ನಿಂತಿದ್ದ ಜಾಗ ಅಲ್ಲಿ ಸರಿಯಾಗಿ ಕಾಣುತ್ತದೆ. ಕೆಲವು ಕಿಂಡಿ ನೇರಕ್ಕಿದೆ, ಕೆಲವು ಕೆಳಮುಖ. ದೂರದವರಿಗೊಂದು, ಗೋಡೆಯ ಬುಡಕ್ಕೆ ಬಂದವರಿಗೊಂದು.

ಮರದ ಕದ ಹೋಗಿ ಎಷ್ಟೋ ಕಾಲವಾಯಿತು. ಆದರೂ ಕದ ತಿರುಗುತ್ತಿದ್ದ ಗುಂಡನೆಯ ಗುಳಿಗಳನ್ನು ಚೌಕಟ್ಟಿನ ಮೇಲೆ, ಕೆಳಗೆ ಹುಡುಕಿ. ಒಳಗಡೆ ಎರಡೂ ಪಕ್ಕದ ಗೋಡೆಯಲ್ಲಿ ಅಗುಳಿ ತೂರಿಸುವ ಚೌಕದ ತೂತನ್ನೂ ನೋಡಿ. ಮಕ್ಕಳಿಗೆ ಇದನ್ನೆಲ್ಲ ಹುಡುಕಲು ಹೇಳಿದರೆ ಅವರಿಗೆ ಸುಸ್ತೇ ಗೊತ್ತಾಗುವುದಿಲ್ಲ.

ಅಷ್ಟು ಎತ್ತರದಲ್ಲಿ ಸೈನಿಕರು ನೀರಿಗೆ ಏನು ಮಾಡುತ್ತಿದ್ದರು?

ಈ ಕೋಟೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯ ಇದು. ಮಧುಗಿರಿ ತಾಲ್ಲೂಕು ಬರದ ಸೀಮೆ. ಕೆಳಗೆ ಹೊಲದವರು ಕೊಳವೆಬಾವಿ ಕೊರೆಸಿ ಸೋಲುತ್ತಾರೆ. ಮೇಲೆ ಬಂಡೆಯ ಮೇಲೆ ನೀರು ನಿಂತಿರುತ್ತದೆ!

ಲೆಕ್ಕ ಸುಲಭ. ಹೊಲದಲ್ಲಿ ಬಿದ್ದ ಮಳೆಯನ್ನು ಮಣ್ಣು ಕುಡಿಯುತ್ತದೆ. ಬಂಡೆ ಕುಡಿಯುವುದಿಲ್ಲ, ಬಿದ್ದದ್ದರಲ್ಲಿ ಬಹುಪಾಲು ಹರಿದು ಬರುತ್ತದೆ. ಒಂದು ಎಕರೆ ಬಂಡೆಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಅದೇ ಸುಮಾರು 40,000 ಲೀಟರ್. ಇಲ್ಲಿ ಇರುವುದು ಎಕರೆಗಟ್ಟಲೆ ಬಂಡೆ. ಆ ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಕಟ್ಟಿದವರು ನೋಡಿಕೊಂಡಿದ್ದಾರೆ. ತಾನಾಗಿ ಇದ್ದ ತಗ್ಗನ್ನು ಆಳ ಮಾಡಿದ್ದಾರೆ. ತಗ್ಗಿನ ಕೆಳಗಡೆಗೆ ಕಲ್ಲು ಗಾರೆಯ ಅಡ್ಡಗೋಡೆ ಹಾಕಿದ್ದಾರೆ. ಹೀಗೆ ಆದದ್ದೇ ದೊಣೆ.

ಬೆಟ್ಟದಲ್ಲಿ ಇಂಥ ದೊಣೆ ಹಲವು ಇವೆ. ನವಿಲುದೊಣೆ, ಭೀಮನ ದೊಣೆ ಹೆಸರುವಾಸಿ. ಇವು ಎಲ್ಲಿವೆ ಅಂತ ಗಮನಿಸುತ್ತಾ ಹತ್ತಿ. ಒಂದು ಸುತ್ತಿನ ಗೋಡೆಯೊಳಗೆ ಸಿಕ್ಕಿಕೊಂಡ ದಂಡು ಕೆಳಗಿನ ಸುತ್ತನ್ನು ಕಳೆದುಕೊಂಡರೂ ಮೇಲೆ ಅವರಿಗೆ ಬೇರೆ ನೀರಿದೆ. ಮುತ್ತಿಗೆ ಅಂದರೆ ಬರೀ ಫಿರಂಗಿ ಲೆಕ್ಕವಲ್ಲ, ತಿಂಗಳುಗಟ್ಟಲೆ ಕಾಯುವ ಲೆಕ್ಕ. ಹತ್ತಿರದಲ್ಲೇ ಕಣಜಗಳೂ ಇವೆ, ಈಗ ಪಾಳು ಬಿದ್ದಿವೆ. ನೀರು, ಕಾಳು ಎರಡೂ ಇದ್ದರೆ ಮೇಲಿದ್ದವರು ಕಾಯುತ್ತಾರೆ, ಕೆಳಗಿದ್ದವರಿಗೆ ಬೇಜಾರಾಗುತ್ತದೆ.

ದೊಣೆಯ ಪಕ್ಕ ಮಂಡಿಯೂರಿ ಅಂಚನ್ನು ಒಂದು ಸಲ ನೋಡಿ. ಒಳಗಿನ ಕಲ್ಲಿನ ಮೇಲೆ ಒಂದರ ಕೆಳಗೊಂದು ಬಿಳಿ, ಕಂದು ಗೆರೆಗಳಿರುತ್ತವೆ. ನೀರು ಎಲ್ಲಿಯವರೆಗೆ ತುಂಬಿತ್ತು, ಎಲ್ಲಿಗೆ ಇಳಿಯಿತು ಅನ್ನುವ ಗುರುತು ಅದು. ಅಂಚಿನಲ್ಲಿ ಪಾಚಿ ಒಣಗಿ ಹಾಳೆಯ ಹಾಗೆ ಎದ್ದಿರುತ್ತದೆ. ಬೇಸಿಗೆಯಲ್ಲಿ ನೀರು ಹಸಿರಾಗಿ ತಳಕ್ಕೆ ಹೋದಾಗ, ಕಡಿದ ಉಳಿಯ ಏಟುಗಳು ಗೋಡೆಯ ಮೇಲೆ ಸಾಲಾಗಿ ಕಾಣುತ್ತವೆ.

ಆ ನೀರು ಕುಡಿಯಬಹುದಾ? ಈಜಬಹುದಾ?

ಎರಡೂ ಬೇಡ. ಕೋತಿ, ಹಕ್ಕಿ ಎಲ್ಲ ಬಳಸುವ ನಿಂತ ನೀರು ಅದು. ಈಗ ಪ್ಲಾಸ್ಟಿಕ್ಕೂ ಸೇರಿಕೊಂಡಿದೆ. ದೊಣೆ ಎಷ್ಟು ಆಳ ಅಂತ ಮೇಲಿನಿಂದ ತಿಳಿಯುವುದಿಲ್ಲ, ಅಂಚು ಪಾಚಿ ಕಟ್ಟಿರುತ್ತದೆ, ಹಿಡಿದು ಮೇಲೆ ಬರಲು ಏನೂ ಇರುವುದಿಲ್ಲ. ಮಕ್ಕಳನ್ನು ಅಂಚಿಗೆ ಬಿಡಬೇಡಿ.

ಇಷ್ಟು ದೊಡ್ಡ ಕಲ್ಲುಗಳನ್ನು ಮೇಲಕ್ಕೆ ಹೇಗೆ ಸಾಗಿಸಿದರು?

ಬಹುಪಾಲು ಸಾಗಿಸಲೇ ಇಲ್ಲ. ಇದೇ ಬೆಟ್ಟದ ಕಲ್ಲನ್ನೇ ಸೀಳಿ ಕಟ್ಟಿದ್ದಾರೆ. ಗೋಡೆಯ ಅಕ್ಕಪಕ್ಕದ ಬಂಡೆಯಲ್ಲಿ ಗೇಣಿಗೊಂದರಂತೆ ಸಣ್ಣ ಗುಳಿಗಳ ಸಾಲು ಕಂಡರೆ ಅದು ಕಲ್ಲುಕುಟಿಗರ ಕೆಲಸ. ಉಳಿಯಿಂದ ಸಾಲಾಗಿ ಗುಳಿ ತೋಡಿ, ಬೆಣೆ ಬಡಿದು, ಬಂಡೆಯನ್ನು ಗೆರೆ ಎಳೆದ ಹಾಗೆ ಸೀಳುತ್ತಿದ್ದರು. ಗೋಡೆಯ ಕಲ್ಲುಗಳ ಅಂಚಲ್ಲೂ ಅರ್ಧ ಗುಳಿ ಉಳಿದಿರುವುದನ್ನು ಹುಡುಕಬಹುದು.

ಕಲ್ಲಿನ ವಯಸ್ಸು ಕೇಳಿದರೆ ಆಶ್ಚರ್ಯವಾಗುತ್ತದೆ. ರಾಮನಗರದಿಂದ ತುಮಕೂರು ಜಿಲ್ಲೆ ದಾಟಿ ಉತ್ತರಕ್ಕೆ ಹೋಗುವ ಗ್ರಾನೈಟ್ ಪಟ್ಟಿಯೊಂದಿದೆ. ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ, ರಾಮನಗರಕ್ಕೆ ಮೊದಲಿದ್ದ ಹೆಸರು ಅದು. ಸುಮಾರು 250 ಕೋಟಿ ವರ್ಷದ ಹಿಂದೆ ನೆಲದಾಳದಲ್ಲಿ ತಣಿದು ಗಟ್ಟಿಯಾದ ಕಲ್ಲು. ಸಾವನದುರ್ಗವೂ ಅದೇ, ನಮ್ಮ ಮಧುಗಿರಿಯೂ ಅದೇ. ಮೇಲಿದ್ದ ಕಲ್ಲು, ಮಣ್ಣೆಲ್ಲ ಸವೆದು ಹೋದ ಮೇಲೆ ಈ ಬೋಳು ಬೆನ್ನು ಹೊರಗೆ ಬಂತು. ನಡೆಯುವಾಗ ಕಲ್ಲಿನಲ್ಲಿ ಗುಲಾಬಿ ಬಣ್ಣದ ದಪ್ಪ ಹರಳು ಕಂಡರೆ ಒಂದು ಕ್ಷಣ ನಿಲ್ಲಿ.

ತುದಿಯಲ್ಲಿ ಏನಿದೆ?

ಪಾಳು ಬಿದ್ದ ಗೋಪಾಲಕೃಷ್ಣ ದೇವಸ್ಥಾನ. ಕಣಜಗಳು, ಕುಸಿದ ಕಟ್ಟಡಗಳು, ಒಂದಿಷ್ಟು ಹುಲ್ಲು, ಜೋರು ಗಾಳಿ. ಪೂಜೆ, ಅಂಗಡಿ, ನಲ್ಲಿ ಯಾವುದೂ ಇಲ್ಲ. ಆಕಾಶ ತಿಳಿಯಾಗಿದ್ದರೆ ದಕ್ಷಿಣಕ್ಕೆ ಚನ್ನರಾಯನದುರ್ಗ, ಉತ್ತರಕ್ಕೆ ಮಿಡಿಗೇಶಿ ಬೆಟ್ಟದ ಕಡೆ ಕಣ್ಣು ಹಾಯಿಸಿ. ಅವೆರಡೂ ಕೋಟೆ ಬೆಟ್ಟಗಳೇ. ಈ ಸೀಮೆಯಲ್ಲಿ ಒಂದು ಕೋಟೆ ಒಂಟಿಯಾಗಿ ಇರುತ್ತಿರಲಿಲ್ಲ ಅನ್ನುವುದು ಅಲ್ಲಿ ನಿಂತಾಗ ಅರ್ಥವಾಗುತ್ತದೆ. ದೇವಸ್ಥಾನದ ಚಾವಣಿ, ಕುಸಿಯುವಂತಿರುವ ಗೋಡೆಗಳ ಮೇಲೆ ಹತ್ತಬೇಡಿ.

ಯಾವ ತಿಂಗಳು ಒಳ್ಳೆಯದು? ಮಳೆಗಾಲದಲ್ಲಿ ಹೋಗಬಹುದಾ?

ಅಕ್ಟೋಬರ್ ಕೊನೆಯಿಂದ ಫೆಬ್ರವರಿ. ಹಿಂಗಾರು ಮುಗಿದ ಹೊಸತರಲ್ಲಿ ದೊಣೆಗಳು ತುಂಬಿರುತ್ತವೆ, ಕೆಳಗೆ ಹಸಿರು ಇರುತ್ತದೆ. ಮಾರ್ಚ್‌ನಿಂದ ಮೇ ತಿಂಗಳಲ್ಲಿ ಬರಲೇಬೇಕಿದ್ದರೆ ಒಂಬತ್ತರೊಳಗೆ ಇಳಿಯುವ ಲೆಕ್ಕ ಹಾಕಿ, ಮಧ್ಯದ ಗೋಡೆಗೇ ನಿಲ್ಲಿಸಿ.

ಮಳೆ ಬಿದ್ದ ದಿನ ಬೇಡವೇ ಬೇಡ. ಒಣ ಬಂಡೆ ಎಷ್ಟು ನಂಬಿಕಸ್ಥವೋ ಒದ್ದೆ ಬಂಡೆ ಅಷ್ಟೇ ಮೋಸ. ಬಂಡೆಯ ಮೇಲೆ ಕಪ್ಪು ಪಟ್ಟೆಗಳು ಕಾಣುತ್ತವಲ್ಲ, ಅದು ನೀರು ಹರಿಯುವ ಜಾಡು. ಒಣಗಿದ್ದಾಗ ಕಾಲಿಗೆ ಒರಟು, ಒಂದು ಹನಿ ಬಿದ್ದರೆ ಸಾಕು ಜಾರುತ್ತದೆ. ಹತ್ತುವಾಗ ಮೋಡ ಕಟ್ಟಿ ಗುಡುಗು ಕೇಳಿದರೆ ಆಗಲೇ ಇಳಿಯಿರಿ. ಬೋಳು ಬೆಟ್ಟದ ಮೇಲೆ ಸಿಡಿಲಿಗೆ ಅತಿ ಎತ್ತರದ ವಸ್ತು ನೀವೇ.

ಏನೇನು ತೆಗೆದುಕೊಂಡು ಹೋಗಬೇಕು?

ಒಬ್ಬರಿಗೆ ಎರಡು ಲೀಟರ್ ನೀರು, ಬಿಸಿಲಿದ್ದರೆ ಮೂರು. ಟೋಪಿ. ಒಂದೆರಡು ಓಆರ್‌ಎಸ್ ಪೊಟ್ಟಣ. ತಿನ್ನಲು ಕಡಲೆಕಾಯಿ ಮಿಠಾಯಿ, ಬಾಳೆಹಣ್ಣು, ಏನಾದರೂ ಸುಲಭದ್ದು. ಮಿಠಾಯಿ ಊರಲ್ಲೇ ಸಿಗುತ್ತದೆ, ಇದು ಕಡಲೆಕಾಯಿ ಸೀಮೆ.

ಬ್ಯಾಗು ಬೆನ್ನಿಗೆ ಹಾಕುವಂಥದ್ದೇ ಇರಲಿ, ಎರಡೂ ಕೈ ಖಾಲಿ ಬೇಕು. ಕಾಲಿಗೆ ಅಟ್ಟೆ ಸವೆಯದ ಶೂ. ಹವಾಯಿ ಚಪ್ಪಲಿ, ಹೊಸ ನುಣುಪು ಅಟ್ಟೆಯ ಶೂ ಎರಡೂ ತೊಂದರೆ ಕೊಡುತ್ತವೆ. ಊರ ಹುಡುಗರು ಬರಿಗಾಲಲ್ಲಿ ಹತ್ತುತ್ತಾರೆ ನಿಜ, ಅವರ ಪಾದಕ್ಕೆ ಆ ಕಲ್ಲು ಅಭ್ಯಾಸ.

ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ?

ಕೆಳಗಿನ ಕೋಟೆಗೆ ಧಾರಾಳವಾಗಿ. ಅಜ್ಜ ಅಜ್ಜಿಯರು ಮೊದಲ ಬಾಗಿಲು ದಾಟಿ ಅಂಗಳದಲ್ಲಿ ಕೂತು, ಆಮೇಲೆ ಊರಿನ ದೇವಸ್ಥಾನಗಳನ್ನು ನೋಡಬಹುದು. ಹತ್ತು ವರ್ಷ ದಾಟಿದ ಮಕ್ಕಳು ಒಬ್ಬ ದೊಡ್ಡವರಿಗೆ ಒಂದು ಮಗು ಲೆಕ್ಕದಲ್ಲಿ ಮಧ್ಯದವರೆಗೆ ಬರಬಹುದು. ಕೂಸನ್ನು ಎತ್ತಿಕೊಂಡು ಬೋಳು ಬಂಡೆ ಹತ್ತುವ ಸಾಹಸ ಮಾಡಬೇಡಿ, ಸಮತೋಲ ತಪ್ಪುತ್ತದೆ. ಶಾಲೆಯಿಂದ ಕರೆತರುವ ಮೇಷ್ಟ್ರುಗಳಲ್ಲೂ ಅದೇ ವಿನಂತಿ: ಮಧ್ಯದ ಗೋಡೆಯಲ್ಲಿ ಕೂರಿಸಿ ಬಾಗಿಲು, ಕಿಂಡಿ, ದೊಣೆ ತೋರಿಸಿ ಪಾಠ ಮಾಡಿ.

ಕೋತಿ, ಜೇನು, ಕರಡಿ ಕಾಟ ಇದೆಯಾ?

ಕೋತಿ ಇವೆ. ಪ್ಲಾಸ್ಟಿಕ್ ಕವರ್ ಕೈಯಲ್ಲಿ ಹಿಡಿಯಬೇಡಿ, ತಿನ್ನಲು ಕೊಡಲೂಬೇಡಿ. ಕಿತ್ತುಕೊಂಡರೆ ಬಿಟ್ಟುಬಿಡಿ, ಕಡಿದಾದ ಜಾಗದಲ್ಲಿ ಎಳೆದಾಡಿದರೆ ಬೀಳುವವರು ನೀವೇ.

ಬಂಡೆಯ ಪೊಟರೆಗಳಲ್ಲಿ ಹೆಜ್ಜೇನು ಕಟ್ಟುತ್ತವೆ. ಗೂಡು ಕಂಡರೆ ಸದ್ದಿಲ್ಲದೆ ದಾಟಿ. ಬೀಡಿ, ಸಿಗರೇಟಿನ ಹೊಗೆ, ಘಾಟು ಸೆಂಟು, ಕಲ್ಲು ಎಸೆಯುವುದು ಯಾವುದೂ ಬೇಡ. ಈ ಸೀಮೆಯ ಬೆಟ್ಟಗಳಲ್ಲಿ ಕರಡಿ, ಚಿರತೆ ಓಡಾಟ ಇದೆ. ಹಗಲು ಹೊತ್ತು ಜನರ ದಾರಿಗೆ ಬರುವುದು ಅಪರೂಪ. ಮುಸ್ಸಂಜೆಯೊಳಗೆ ಕೆಳಗಿರಿ, ಗವಿಗಳೊಳಗೆ ಇಣುಕಬೇಡಿ.

ಮೇಲೆ ಟೆಂಟ್ ಹಾಕಿ ರಾತ್ರಿ ಉಳಿಯಬಹುದಾ?

ಇಲ್ಲ. ಇದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಸೂರ್ಯ ಹುಟ್ಟಿದ ಮೇಲೆ ಹತ್ತಿ, ಮುಳುಗುವುದರೊಳಗೆ ಇಳಿಯಿರಿ. ಒಲೆ ಹೂಡುವುದು, ಕ್ಯಾಂಪ್ ಫೈರ್, ಕುಡಿತ ಇವನ್ನು ಕೋಟೆಯೊಳಗೆ ತರಬೇಡಿ. ಬೆಂಕಿ ಹಾಕಿದ ಕಡೆ ಕಲ್ಲು ಚಕ್ಕೆ ಏಳುತ್ತದೆ, ಅದು ಮತ್ತೆ ಕೂಡುವುದಿಲ್ಲ. ಫೋನಲ್ಲಿ ಫೋಟೊ ತೆಗೆಯಲು ಅಡ್ಡಿಯಿಲ್ಲ. ಡ್ರೋನ್ ಹಾರಿಸಲು, ಮದುವೆ ಶೂಟಿಂಗ್ ಥರದ ಕೆಲಸಕ್ಕೆ ಮೊದಲೇ ಅನುಮತಿ ಬೇಕು.

ಕೋಟೆಯಲ್ಲಿ ನಿಧಿ ಇದೆಯಂತೆ, ಸುರಂಗ ಇದೆಯಂತೆ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಯಾಕೆಂದರೆ ನಮ್ಮ ನಾಡಿನ ಕೋಟೆಗಳನ್ನು ಮಳೆಗಿಂತ ಜಾಸ್ತಿ ಹಾಳು ಮಾಡಿರುವುದು ಈ ನಂಬಿಕೆ. ಪಾಳು ಗುಡಿಗಳ ಗರ್ಭಗುಡಿ ಅಗೆಯುತ್ತಾರೆ, ಕಂಬದ ಬುಡ ಕೀಳುತ್ತಾರೆ, ವಿಗ್ರಹ ಎತ್ತಿ ಪಕ್ಕಕ್ಕೆ ಎಸೆಯುತ್ತಾರೆ. ಒಂದು ಕಲ್ಲು ಕಿತ್ತರೆ ಅದರ ಮೇಲೆ ಕೂತಿದ್ದ ಹತ್ತು ಕಲ್ಲು ಮುಂದಿನ ಮಳೆಗೆ ಬೀಳುತ್ತವೆ.

ಯೋಚನೆ ಮಾಡಿ. ಈ ಕೋಟೆ ಎಷ್ಟು ಕೈ ಬದಲಾಯಿಸಿದೆ? ಪಾಳೆಯಗಾರರಿಂದ ಮೈಸೂರು, ಅಲ್ಲಿಂದ ಮರಾಠರು, ಮತ್ತೆ ಮೈಸೂರು. ಗೆದ್ದು ಒಳಗೆ ಬಂದ ದಂಡು ಮೊದಲು ಹುಡುಕುತ್ತಿದ್ದದ್ದೇ ಖಜಾನೆಯನ್ನು. ಅವರು ಬಿಟ್ಟುಹೋದದ್ದು ಕಲ್ಲು ಮತ್ತು ನೀರು. ಸುರಂಗ ಅಂತ ತೋರಿಸುವ ಜಾಗಗಳು ಬಂಡೆಗಳ ನಡುವಿನ ಸಂದಿ, ಇಲ್ಲವೇ ನೀರು ಹೋಗಲು ಬಿಟ್ಟ ತೂಬು ಆಗಿರುವುದೇ ಜಾಸ್ತಿ. ಅಗೆಯುವವರನ್ನು ಕಂಡರೆ ನೀವೇ ಜಗಳಕ್ಕೆ ನಿಲ್ಲಬೇಡಿ, 112ಕ್ಕೆ ಫೋನ್ ಮಾಡಿ.

ಗೋಡೆಯ ಮೇಲೆ ಹೆಸರು ಕೆತ್ತುವುದೂ, ಪೇಂಟ್ ಬಳಿಯುವುದೂ ಅಪರಾಧವೇ. ಸ್ಮಾರಕ ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಲು ಕಾನೂನಿದೆ. ಪ್ರೀತಿಸಿದವರ ಹೆಸರು ಬರೆಯಲು ಈ ಗೋಡೆಯೇ ಆಗಬೇಕಾ?

ರೋಪ್ ವೇ ಬರುತ್ತಂತೆ, ಅಲ್ಲಿಯವರೆಗೆ ಕಾಯೋದಾ?

ಮಾತು ಬಹಳ ವರ್ಷದಿಂದ ಇದೆ. ಕಾಯಬೇಡಿ, ಕಾಲಲ್ಲಿ ಶಕ್ತಿ ಇರುವಾಗ ಬನ್ನಿ. ತಂತಿಯ ಮೇಲೆ ತೇಲಿ ಹೋದರೆ ಬಾಗಿಲುಗಳು, ದೊಣೆಗಳು ಕಾಲ ಕೆಳಗೇ ಹೋಗಿಬಿಡುತ್ತವೆ.

ಊರಲ್ಲಿ ಮತ್ತೇನು ನೋಡಬಹುದು? ಊಟ ಎಲ್ಲಿ?

ಬೆಟ್ಟದ ಬುಡದಲ್ಲೇ ಮಲ್ಲೇಶ್ವರ ಮತ್ತು ವೆಂಕಟರಮಣ ಸ್ವಾಮಿ ದೇವಸ್ಥಾನಗಳು ಅಕ್ಕಪಕ್ಕದಲ್ಲಿವೆ, ವಿಜಯನಗರ ಶೈಲಿಯವು. ಇಳಿದು ಬಂದು ಆ ಕಲ್ಲಿನ ಮಂಟಪದ ತಂಪಿನಲ್ಲಿ ಕೂತರೆ ಎದ್ದೇಳುವ ಮನಸ್ಸಾಗುವುದಿಲ್ಲ. ದಂಡಿನ ಮಾರಮ್ಮ ಊರಿನ ದೊಡ್ಡ ದೇವತೆ. ಜಾತ್ರೆ ಸಮಯದಲ್ಲಿ ಊರು ತುಂಬಿರುತ್ತದೆ, ರೂಮು, ಪಾರ್ಕಿಂಗ್ ಎರಡೂ ಕಷ್ಟ.

ಊಟಕ್ಕೆ ಮುದ್ದೆ, ಸೊಪ್ಪಿನ ಸಾರು ಸಿಗುವ ಹೋಟೆಲ್ಲುಗಳಿವೆ. ತುಮಕೂರಿನ ಮೇಲೆ ಬರುವವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದೇ ಬರುತ್ತಾರೆ.

ಅದೇ ದಿನ ಇನ್ನೊಂದು ಜಾಗ ನೋಡಬಹುದಾ?

ಕಾಲು ನೋಯುತ್ತಿರುತ್ತದೆ, ಇನ್ನೊಂದು ಬೆಟ್ಟ ಬೇಡ. ಸಂಜೆ ಮೈದನಹಳ್ಳಿಗೆ ಹೋಗಿ. ಮಧುಗಿರಿ ತಾಲ್ಲೂಕಿನಲ್ಲೇ ಇರುವ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಅದು. ಬಯಲು ಹುಲ್ಲುಗಾವಲು, ಕಾವಲು ಗೋಪುರವೊಂದಿದೆ. ಬಿಸಿಲು ಇಳಿದ ಮೇಲೆ ಕೃಷ್ಣಮೃಗಗಳು ಮೇಯಲು ಬರುತ್ತವೆ. ಗಾಡಿ ಹುಲ್ಲಿನ ಮೇಲೆ ಓಡಿಸಬೇಡಿ, ದೂರದಿಂದಲೇ ನೋಡಿ. ಇತಿಹಾಸವೇ ಬೇಕು ಅನ್ನುವವರು ಸಿರಾಕ್ಕೆ ಹೋಗಬಹುದು. 1687ರ ನಂತರ ಮೊಘಲರ ಸುಬಾ, ಅಂದರೆ ಪ್ರಾಂತ್ಯದ, ಕೇಂದ್ರವಾಗಿದ್ದ ಊರು. ಅದಕ್ಕೂ ಮೊದಲು ಬಿಜಾಪುರದವರ ಕಾಲದಲ್ಲಿ ಅಧಿಕಾರಿಯಾಗಿದ್ದ ಮಲಿಕ್ ರಿಹಾನ್ ಗೋರಿ, ಜುಮ್ಮಾ ಮಸೀದಿ ಅಲ್ಲಿವೆ. ಚನ್ನರಾಯನದುರ್ಗ, ಮಿಡಿಗೇಶಿ, ಪಾವಗಡ ಕೋಟೆಗಳನ್ನು ಒಂದೊಂದು ದಿನ ಬೇರೆ ಇಟ್ಟುಕೊಂಡು ಬನ್ನಿ.

ಒಬ್ಬರೇ ಹೋಗಬಹುದಾ?

ಮಧ್ಯದ ಗೋಡೆವರೆಗೆ ಹೋಗಬಹುದು. ಅದರಿಂದ ಮೇಲೆ ಕನಿಷ್ಠ ಇಬ್ಬರು ಜೊತೆಗಿರಲಿ. ವಾರದ ದಿನಗಳಲ್ಲಿ ಮೇಲೆ ಜನ ಇರುವುದಿಲ್ಲ, ಕಾಲು ಉಳುಕಿದರೆ ಕೂಗಿದರೂ ಕೇಳುವವರಿಲ್ಲ. ಎಷ್ಟು ಗಂಟೆಗೆ ವಾಪಸ್ ಅಂತ ಮನೆಯವರಿಗೆ ಹೇಳಿ ಹತ್ತಿ.

ಇಳಿಯುವಾಗ ಭಯ ಆದರೆ ಏನು ಮಾಡೋದು?

ಇಲ್ಲಿ ಬಿದ್ದು ಪೆಟ್ಟಾಗುವುದು ಹತ್ತುವಾಗಲ್ಲ, ಇಳಿಯುವಾಗ. ಹತ್ತುವಾಗ ಕಣ್ಣ ಮುಂದೆ ಬಂಡೆ ಇರುತ್ತದೆ, ಇಳಿಯುವಾಗ ಊರೇ ಕಾಣುತ್ತದೆ. ಭಯವಾದರೆ ಅಲ್ಲೇ ಕೂತುಬಿಡಿ. ನಾಲ್ಕು ಗುಟುಕು ನೀರು ಕುಡಿಯಿರಿ. ಆಮೇಲೆ ಕೂತುಕೊಂಡೇ, ಎರಡೂ ಕೈ ಹಿಂದೆ ಊರಿ, ಒಂದೊಂದೇ ಗುಳಿಗೆ ಹಿಮ್ಮಡಿ ಇಟ್ಟು ಜರುಗಿ. ಪ್ಯಾಂಟ್ ಹರಿದರೆ ಹರಿಯಲಿ. ತೀರಾ ಕಡಿದಾದ ಕಡೆ ಬಂಡೆಗೆ ಮುಖ ಮಾಡಿ, ಹತ್ತಿದ ಹಾಗೆಯೇ ಹಿಂದಕ್ಕೆ ಇಳಿಯಿರಿ. ಕೆಳಗಿರುವವರು ಕಾಲು ಎಲ್ಲಿಡಬೇಕು ಅಂತ ಹೇಳಲಿ. ಜೊತೆಗಿರುವವರು ರೇಗಿಸಬೇಡಿ, ಅವಸರ ಮಾಡಬೇಡಿ, ವಿಡಿಯೊ ಮಾಡಲೇಬೇಡಿ.

ಯಾರಾದರೂ ಬಿದ್ದು ಪೆಟ್ಟಾದರೆ ಎತ್ತಿಕೊಂಡು ಓಡಬೇಡಿ. ಬೆನ್ನು, ಕುತ್ತಿಗೆ ನೋವು ಅಂದರೆ ಅಲುಗಾಡಿಸದೆ ನೆರಳು ಮಾಡಿ. 108ಕ್ಕೆ ಫೋನ್ ಮಾಡಿ, ಎಷ್ಟನೇ ಬಾಗಿಲು ದಾಟಿದ್ದೀರಿ ಅಂತ ಹೇಳಿ. ಒಬ್ಬರು ಕೆಳಗಿಳಿದು ಮೊದಲ ಬಾಗಿಲಲ್ಲಿ ಕಾದು, ಬಂದವರನ್ನು ದಾರಿ ತೋರಿಸಿ ಕರೆತನ್ನಿ.